ಆರಿದ ಬೆಂಕಿಯ ದ್ವೀಪ

ತುರೋರಿಯ ಆಸುಪಾಸಿನಲ್ಲಿ ಬಾವಿ ತೋಡಿಸಿದವರೆಲ್ಲರೂ ಬಲ್ಲ ಸಂಗತಿಯೊಂದುಂಟು. ಮೊದಲು ಒಂದೆರಡು ಮೊಳ ಎರೆಮಣ್ಣು; ಅದರ ಕೆಳಗೆ ಮುರುಮು; ಮುರುಮು ತೀರಿದ ಮೇಲೆ ಸುತ್ತಿಗೆಗೆ ಬಗ್ಗದ ಕರಿಕಲ್ಲು. ಕರಿಕಲ್ಲು ಮುಗಿಯಿತೆಂದು ಉಸಿರು ಬಿಡುವಷ್ಟರಲ್ಲಿ ಕೆಲವೆಡೆ ಕೆಂಪು ಮಣ್ಣಿನ ತೆಳುಪದರವೊಂದು ಕಾಣಿಸಿಕೊಂಡು, ಅದರ ಕೆಳಗೆ ಮತ್ತೆ ಕರಿಕಲ್ಲೇ ಎದುರಾಗುತ್ತದೆ. ಬಾವಿಯಿಂದ ಹೊರಗೆಸೆದ ಕಲ್ಲಿನ ರಾಶಿಯಲ್ಲಿ ಹೊಳೆಯುವ ಬಿಳಿಯ ಹರಳುಗಳನ್ನು ಆರಿಸಿ ತಂದು ಮೇಜಿನ ಮೇಲಿಡುವುದು ನಮ್ಮ ಶಾಲೆಯ ಮಕ್ಕಳ ನಿತ್ಯದ ವಿನೋದ. ಈ ಕಲ್ಲು ಒಂದಾನೊಂದು ಕಾಲದಲ್ಲಿ ಭೂಗರ್ಭದಿಂದ ಉಕ್ಕಿಬಂದ ಲಾವಾರಸವೆಂದು ಪಾಠ ಹೇಳಿದರೆ ಸಾಕು, ಹಿಂದಿನ ಸಾಲಿನಿಂದ ಒಂದು ಪ್ರಶ್ನೆ ತಪ್ಪದೆ ಬರುತ್ತದೆ: "ಗುರೂಜಿ, ಹಂಗಾದ್ರ ನಮ್ಮೂರ ತಳಾಗ ಬೆಂಕಿ ಅದ ಏನ್ರೀ?"

ಇದು ಮಕ್ಕಳ ಪ್ರಶ್ನೆ ಮಾತ್ರವಲ್ಲ. 1993ರ ಭೂಕಂಪವಾದ ಮೇಲೆ ನಮ್ಮ ಸೀಮೆಯ ಹಿರಿಯರೂ ಕಟ್ಟೆಗಳ ಮೇಲೆ ಕುಳಿತು ಇದನ್ನೇ ಕೇಳುತ್ತ ಬಂದಿದ್ದಾರೆ. ಆದುದರಿಂದ ಕಳೆದ ದೀಪಾವಳಿಯ ರಜೆಯಲ್ಲಿ ಉಡುಪಿಯ ಕಡೆಗೆ ಹೊರಡುವ ಪ್ರಸಂಗ ಒದಗಿದಾಗ, ಶ್ರೀಕೃಷ್ಣನ ದರ್ಶನದೊಂದಿಗೆ ಮಲ್ಪೆಯ ಸಮುದ್ರದಲ್ಲಿರುವ ಸೇಂಟ್ ಮೇರಿ ದ್ವೀಪವನ್ನೂ ನೋಡಿ ಬರಬೇಕೆಂದು ನಿಶ್ಚಯಿಸಿದೆನು. ತುಳಜಾಪುರ, ಗಾಣಗಾಪುರ, ಬಸವಕಲ್ಯಾಣಗಳಾಚೆ ಕಾಲಿಡದ ನಮ್ಮ ಮನೆಯವರಿಗೆ ಸಮುದ್ರವೇ ಹೊಸತು. ಪತ್ನಿಯೂ ನನ್ನ ಅಕ್ಕನೂ ಜೊತೆಗಿದ್ದರು. ಕಲಬುರಗಿಯಲ್ಲಿ ಬಸ್ಸು ಹಿಡಿದು ಘಟ್ಟವಿಳಿದು ಉಡುಪಿ ಸೇರಿದ ಪ್ರಯಾಣವನ್ನು ವರ್ಣಿಸುವುದಿಲ್ಲ. ಘಟ್ಟದ ತಿರುವುಗಳಲ್ಲಿ ನಮ್ಮ ಮೂವರ ಹೊಟ್ಟೆಯೂ ಒಂದೇ ರೀತಿಯಲ್ಲಿ ತಿರುಗಿತೆಂದರೆ ಸಾಕು.

ಮಲ್ಪೆ ಮೀನುಗಾರಿಕೆಯ ದೊಡ್ಡ ಬಂದರು. ಅಲ್ಲಿಂದ ದ್ವೀಪಕ್ಕೆ ಸುಮಾರು ಆರು ಕಿಲೋಮೀಟರ್ ಜಲಮಾರ್ಗ. ಬೋಟು ದಡವನ್ನು ಬಿಟ್ಟ ಸ್ವಲ್ಪ ಹೊತ್ತಿಗೆ ದಿಗಂತದಲ್ಲಿ ತೆಂಗಿನ ಮರಗಳ ಒಂದು ಸಾಲು ತೇಲಿಬಂದಂತೆ ಕಾಣಿಸಿತು. ಜ್ವಾಲಾಮುಖಿಯಿಂದ ಹುಟ್ಟಿದ ದ್ವೀಪವೆಂದೊಡನೆ ನೆತ್ತಿಯಲ್ಲಿ ಹೊಗೆಯಾಡುವ ಪರ್ವತವನ್ನು ಕಲ್ಪಿಸಿಕೊಂಡು ಹೋಗುವವರಿಗೆ ಇಲ್ಲಿ ನಿರಾಶೆಯಾದೀತು. ಅತ್ಯುನ್ನತ ಸ್ಥಳವೂ ಸಮುದ್ರಮಟ್ಟದಿಂದ ಹತ್ತು ಮೀಟರಿನಷ್ಟೇ. ಅಂಥ ಬೆಟ್ಟದ ದ್ವೀಪವನ್ನೇ ನೋಡಬೇಕೆಂದರೆ ಅಂಡಮಾನಿನ ಬ್ಯಾರನ್ ದ್ವೀಪವುಂಟು: ಮೂರು ಕಿಲೋಮೀಟರ್ ಅಗಲದ, ಸುಮಾರು 350 ಮೀಟರ್ ಎತ್ತರದ, ಮನುಷ್ಯವಸತಿಯಿಲ್ಲದ ಬೆಟ್ಟ. ಹತ್ತೊಂಬತ್ತನೆಯ ಶತಮಾನದಿಂದ ನಿದ್ರಿಸುತ್ತಿದ್ದ ಅದು 1991ರಲ್ಲಿ ಎಚ್ಚತ್ತು, ಆಮೇಲೆ ಹಲವು ಸಲ ಬೆಂಕಿಯುಗುಳಿದೆ. ನಮ್ಮ ದೇಶದಲ್ಲಿ ಜೀವಂತವಾಗಿರುವ ಜ್ವಾಲಾಮುಖಿ ಅದೊಂದೇ. ಕುಟುಂಬಸಮೇತರಾಗಿ ಹೋಗಿಬರುವ ಸ್ಥಳ ಅದಲ್ಲ.

ಸೇಂಟ್ ಮೇರಿ ಎಂಬುದು ಒಂದು ದ್ವೀಪವಲ್ಲ. ದಕ್ಷಿಣೋತ್ತರವಾಗಿ ಹಬ್ಬಿದ ಹಲವು ನಡುಗಡ್ಡೆಗಳ ಸಾಲು. ಯಾತ್ರಿಕರು ಇಳಿಯುವುದು ತೆಂಗಿನ ದ್ವೀಪದಲ್ಲಿ. ಸ್ಥಳೀಯರು ಅದನ್ನು ತೋನ್ಸೆಪಾರ್ ಎನ್ನುತ್ತಾರೆ. 1498ರಲ್ಲಿ ವಾಸ್ಕೋ ಡ ಗಾಮಾ ಇಲ್ಲಿಗೆ ಬಂದು ಶಿಲುಬೆಯನ್ನು ನೆಟ್ಟು ಮೇರಿಮಾತೆಯ ಹೆಸರಿಟ್ಟನೆಂದು ಪ್ರತೀತಿ. ಊರಿಲ್ಲ, ಮನೆಯಿಲ್ಲ, ರಾತ್ರಿ ತಂಗುವವರಿಲ್ಲ. ಜೊತೆಗೆ ಬಂದ ಯಾತ್ರಿಕರ ಗದ್ದಲ ತೆಂಗಿನ ಮರಗಳ ಕಡೆಗೆ ಸರಿದುಹೋದ ಮೇಲೆ ಅಲೆಯ ಸದ್ದು ಮಾತ್ರ ಉಳಿಯಿತು. ದಡದಲ್ಲಿ ಮರಳಿಗಿಂತ ಕಪ್ಪೆಚಿಪ್ಪಿನ ಚೂರುಗಳೇ ಹೆಚ್ಚು. ಕಾಲಿಟ್ಟಲ್ಲೆಲ್ಲ ಚರಚರ ಎನ್ನುತ್ತವೆ.

ದ್ವೀಪದ ಪಶ್ಚಿಮ ಅಂಚಿಗೆ ಹೋದಾಗ ನಾನು ನಿಂತಲ್ಲೇ ನಿಂತೆನು. ಕುಶಲ ಕಲ್ಲುಕುಟಿಗನೊಬ್ಬನು ಅಳತೆ ಹಿಡಿದು ಕಡೆದು ನಿಲ್ಲಿಸಿದಂತೆ ಕಲ್ಲಿನ ಕಂಬಗಳು. ಒಂದರ ಮಗ್ಗುಲಿಗೆ ಒಂದು, ನಡುವೆ ಕೂದಲೆಳೆಯಷ್ಟು ಸಂದು. ಬಹುತೇಕ ಆರು ಮುಖ, ಕೆಲವಕ್ಕೆ ಐದು, ಅಲ್ಲೊಂದು ಇಲ್ಲೊಂದಕ್ಕೆ ಏಳು. ಎತ್ತರದವು ಮೂರಾಳುದ್ದ, ಕುಳ್ಳಗಿನವು ಕುಳಿತುಕೊಳ್ಳಲು ಅನುಕೂಲವಾದ ಮಣೆಗಳು. ಮೇಲಿನಿಂದ ನೋಡಿದರೆ ಜೇನುಹಟ್ಟಿಯೇ ಸರಿ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯು ಇವನ್ನು ರಾಷ್ಟ್ರೀಯ ಸ್ಮಾರಕವೆಂದು ಸಾರಿದೆ.

ಇದು ಹೇಗೆ ಆಯಿತೆಂಬುದನ್ನು ತಿಳಿಯಲು ನಮ್ಮ ಎರೆಹೊಲಕ್ಕಿಂತ ಉತ್ತಮ ಪಾಠಶಾಲೆ ಬೇಕಿಲ್ಲ. ಚೈತ್ರ ವೈಶಾಖದಲ್ಲಿ ಹೊಲ ಒಣಗಿ ಕುಗ್ಗುವಾಗ ಮೇಲ್ಮೈಯಲ್ಲಿ ಬಿರುಕು ಮೂಡಿ, ಒಂದನ್ನೊಂದು ಸಂಧಿಸಿ, ಹೊಲವೆಲ್ಲ ಬಹುಭುಜಗಳ ಚಾಪೆಯಾಗುತ್ತದೆ. ಲಾವಾ ಕುಗ್ಗುವುದು ಒಣಗುವುದರಿಂದಲ್ಲ, ತಣ್ಣಗಾಗುವುದರಿಂದ. ಮೊದಲು ಮೇಲ್ಪದರ ಗಟ್ಟಿಯಾಗಿ ಸೀಳುತ್ತದೆ. ತಂಪು ಒಳಕ್ಕಿಳಿದಂತೆ ಸೀಳೂ ಇಳಿಯುತ್ತದೆ. ಕಲ್ಲು ಎಲ್ಲೆಡೆ ಸಮನಾಗಿ ಕುಗ್ಗಿದಾಗ ಅತಿ ಕಡಿಮೆ ಸೀಳಿನಲ್ಲಿ ಬಿಗಿತವನ್ನು ಕಳೆದುಕೊಳ್ಳುವ ಆಕಾರ ಷಡ್ಭುಜವೇ. ಆದುದರಿಂದ ಕಾಲಕ್ರಮದಲ್ಲಿ ಸೀಳುಗಳು ಆ ಆಕಾರಕ್ಕೆ ಒಲಿಯುತ್ತವೆ. ಹೊಲದ ಬಿರುಕು ಮಳೆ ಬಿದ್ದೊಡನೆ ಮುಚ್ಚಿಕೊಳ್ಳುತ್ತದೆ. ಇಲ್ಲಿಯದು ಮುಚ್ಚಲಿಲ್ಲ, ಅಷ್ಟೇ ಭೇದ.

ಈ ಕಂಬಗಳ ವಯಸ್ಸು ಸುಮಾರು ಎಂಟೂವರೆಯಿಂದ ಒಂಬತ್ತು ಕೋಟಿ ವರ್ಷ. ಆ ಕಾಲದಲ್ಲಿ ಭಾರತವೂ ಮಡಗಾಸ್ಕರವೂ ಒಂದೇ ಭೂಖಂಡದ ತುಂಡಾಗಿದ್ದವು. ಅವೆರಡೂ ಬೇರ್ಪಡುವಾಗ ಬಿರುಕಿನಲ್ಲಿ ಉಕ್ಕಿದ ರಸದ ಶೇಷವೇ ಮಲ್ಪೆಯ ಈ ಕಲ್ಲು. ಅದೇ ವಯಸ್ಸಿನ ಲಾವಾ ಮಡಗಾಸ್ಕರದಲ್ಲಿಯೂ ದೊರೆತಿದೆ. ಹೊಲ ಪಾಲಾದಾಗ ನಡುವಿನ ಬದುವಿನ ಗುರುತು ಎರಡೂ ಮಗ್ಗುಲಲ್ಲಿ ಉಳಿಯುವಂತೆ ಎಂದರೆ ನಮ್ಮ ರೈತಬಾಂಧವರಿಗೆ ಬೇಗನೆ ಅರ್ಥವಾದೀತು.

ನಮ್ಮ ತುರೋರಿಯ ಕರಿಕಲ್ಲಿನ ಜಾತಿ ಬೇರೆ. ಅದು ಸುಮಾರು ಆರು ಕೋಟಿ ಅರವತ್ತು ಲಕ್ಷ ವರ್ಷ ಹಳೆಯದು. ಅಂದರೆ ಮಲ್ಪೆಯದಕ್ಕಿಂತ ಎರಡು ಕೋಟಿ ವರ್ಷ ಕಿರಿಯದು. ಮಲ್ಪೆಯ ರಸ ಮಂದವಾಗಿತ್ತು, ನಮ್ಮದು ತೆಳುವಾಗಿತ್ತು. ಬೆಟ್ಟದ ಬಾಯಿಯಿಂದ ಚಿಮ್ಮದೆ, ನೆಲದ ಉದ್ದುದ್ದ ಬಿರುಕುಗಳಿಂದ ಹೊರಟು ತುಪ್ಪದಂತೆ ದೂರದೂರಕ್ಕೆ ಹರಿಯಿತು. ಒಂದು ಹರಿವು ಆರಿದ ಮೇಲೆ ಅದರ ಮೇಲ್ಮೈ ಕೊಳೆತು ಕೆಂಪುಮಣ್ಣಾಗುವಷ್ಟು ಬಿಡುವು. ಅದರ ಮೇಲೆ ಇನ್ನೊಂದು ಹರಿವು. ಬಾವಿಯಲ್ಲಿ ಕಾಣುವ ಕೆಂಪು ಪದರದ ಗುಟ್ಟು ಇದೇ. ಹೀಗೆ ಹರಡಿದ ಕಲ್ಲು ಇಂದಿಗೂ ಸುಮಾರು ಐದು ಲಕ್ಷ ಚದರ ಕಿಲೋಮೀಟರ್ ನೆಲವನ್ನು ಹೊದೆದುಕೊಂಡಿದೆ. ಪಶ್ಚಿಮಘಟ್ಟದಲ್ಲಿ ಎರಡು ಕಿಲೋಮೀಟರಿಗೂ ದಪ್ಪವಾಗಿರುವ ಈ ಹೊದಿಕೆ ನಮ್ಮ ಕಡೆಗೆ ಬರುತ್ತ ತೆಳುವಾಗುತ್ತದೆ. ಭೂಕಂಪದ ನಂತರ ಕಿಲ್ಲಾರಿಯಲ್ಲಿ ವಿಜ್ಞಾನಿಗಳು ಕೊರೆದು ನೋಡಿದಾಗ 338 ಮೀಟರಿಗೆ ಕರಿಕಲ್ಲು ಮುಗಿದು, ಅದರ ಕೆಳಗೆ ಬಹು ಪುರಾತನವಾದ ತಣ್ಣನೆಯ ಶಿಲೆ ಸಿಕ್ಕಿತು. ಬೆಂಕಿ ಸಿಕ್ಕಲಿಲ್ಲ.

ಹಾಗಾದರೆ ಬೆಂಕಿ ಎಲ್ಲಿ ಹೋಯಿತು? ಬೆಂಕಿ ಎಲ್ಲಿಗೂ ಹೋಗಲಿಲ್ಲ, ನಾವೇ ಅದರ ಮೇಲಿನಿಂದ ಸರಿದುಬಂದೆವೆಂದು ಬಹುಪಾಲು ಭೂವಿಜ್ಞಾನಿಗಳ ಅಭಿಪ್ರಾಯ. ಭಾರತದ ಭೂಫಲಕ ಉತ್ತರಕ್ಕೆ ತೇಲಿತು. ಒಲೆ ಇದ್ದಲ್ಲೇ ಉಳಿಯಿತು. ಆ ಒಲೆಯ ಮೇಲೆ ಈಗ ಕುಳಿತಿರುವುದು ಹಿಂದೂ ಮಹಾಸಾಗರದಲ್ಲಿರುವ ಫ್ರೆಂಚರ ರಿಯೂನಿಯನ್ ದ್ವೀಪ. ಮಡಗಾಸ್ಕರಕ್ಕೆ ಪೂರ್ವದಲ್ಲಿ, ಮಾರಿಷಸ್ಸಿನ ನೆರೆಯಲ್ಲಿ. ಅದು ನಿಜವಾದ ಪರ್ವತದ್ವೀಪ: ಅಲ್ಲಿಯ ಆರಿದ ಶಿಖರ 3,000 ಮೀಟರಿಗೂ ಎತ್ತರ, ಆರದ ಶಿಖರ 2,600 ಮೀಟರಿಗೂ ಮಿಕ್ಕಿ, ಮೇಲಿಂದ ಮೇಲೆ ಲಾವಾ ಹರಿಸುತ್ತಿರುತ್ತದೆ. ತುರೋರಿಯಿಂದ ಅಲ್ಲಿಗೆ ನಾಲ್ಕೂವರೆ ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ. ನಮ್ಮ ತೊಗರಿ ಜೋಳಗಳನ್ನು ಸಾಕುವ ಎರೆಮಣ್ಣಿನ ತವರು ಅಷ್ಟು ದೂರದಲ್ಲಿದೆ.

ಈ ವಿಷಯವನ್ನೆಲ್ಲ ನಾನು ಅಂದು ಕಂಬಗಳ ಮೇಲೆ ಕುಳಿತು ಉತ್ಸಾಹದಿಂದ ವಿವರಿಸುತ್ತಿದ್ದೆ. ಪತ್ನಿ ಚಿಪ್ಪುಗಳನ್ನು ನೋಡುತ್ತ ದೂರ ಹೋಗಿದ್ದಳು. ಅಕ್ಕ ಮಾತ್ರ ಕುಳಿತು ಕೇಳುತ್ತಿದ್ದಳು. ಅವಳನ್ನು ಕೊಟ್ಟಿದ್ದು ಅಂದಿನ ಉಮರಗಾ ತಾಲೂಕಿನ ಸಾಸ್ತೂರದ ಕಡೆಯ ಹಳ್ಳಿಗೆ. 1993ರ ಸೆಪ್ಟೆಂಬರ್ 30ರಂದು, ಗಣಪತಿ ವಿಸರ್ಜನೆ ಮಾಡಿ ಊರು ಮಲಗಿದ ರಾತ್ರಿ, ನಸುಕಿನ 3 ಗಂಟೆ 56 ನಿಮಿಷಕ್ಕೆ ಆ ಮನೆ ಬಿದ್ದಿತು. ಅತ್ತೆಯೂ ಏಳು ವರ್ಷದ ಮಗನೂ ಹೋದರು. ಅವಳು ಅಂಗಳದಲ್ಲಿ ಮಲಗಿದ್ದಳಾಗಿ ಉಳಿದಳು. ಈ ಮೂವತ್ತು ವರ್ಷಗಳಲ್ಲಿ ಅವಳು ಆ ವಿಷಯವನ್ನು ನನ್ನೊಡನೆ ಆಡಿದವಳಲ್ಲ.

"ತಮ್ಮಾ, ಇದರ ತಳಾಗ ಬೆಂಕಿ ಇಲ್ಲಂತಿ. ನಮ್ಮ ತಳಾಗೂ ಇಲ್ಲಂತಿ. ಮತ್ತ ಅವತ್ತ ಯಾಕ ಹಂಗಾತು?" ಎಂದು ಕೇಳಿದಳು.

ತಿಳಿದಷ್ಟು ಹೇಳಿದೆನು. ನಮ್ಮನ್ನು ಹೊತ್ತು ಉತ್ತರಕ್ಕೆ ಸಾಗಿದ ಭೂಫಲಕ ಏಷ್ಯಾಖಂಡಕ್ಕೆ ತಗುಲಿ ಹಿಮಾಲಯವನ್ನೆತ್ತಿದ್ದು, ಇಂದಿಗೂ ಒತ್ತುತ್ತಲೇ ಇರುವುದು, ಆ ಒತ್ತಡ ನಡುನಾಡಿನ ಹಳೆಯ ಸೀಳುಗಳಲ್ಲಿ ತುಂಬಿಕೊಂಡು ಎಂದೋ ಒಮ್ಮೆ ಸಡಿಲುವುದು, 6.2 ಪ್ರಮಾಣದ ಆ ಕಂಪದ ಮೂಲ ನೆಲಕ್ಕೆ ಬಹಳ ಸಮೀಪದಲ್ಲಿದ್ದುದು. ಜೊತೆಗೆ ಮನೆಗಳ ಸಂಗತಿಯನ್ನೂ ಹೇಳಿದೆನು. ಕಲ್ಲು-ಮಣ್ಣಿನ ಒಂದೂವರೆ ಮೊಳ, ಎರಡು ಮೊಳ ದಪ್ಪದ ಗೋಡೆ, ಮೇಲೆ ಮಣ್ಣು ಹೇರಿದ ಮಾಳಿಗೆ. ಸುಮಾರು ಹತ್ತು ಸಾವಿರ ಜನರನ್ನು ಕೊಂದದ್ದು ನೆಲಕ್ಕಿಂತ ಹೆಚ್ಚಾಗಿ ಆ ಭಾರ. ಅದೇ ಊರುಗಳಲ್ಲಿ ಹುಲ್ಲಿನ ಗುಡಿಸಲಲ್ಲಿದ್ದವರು ಹೆಚ್ಚಾಗಿ ಬದುಕಿದರು.

ಅಕ್ಕ ಬಹಳ ಹೊತ್ತು ಸಮುದ್ರವನ್ನು ನೋಡಿದಳು. ಆಮೇಲೆ, "ಅಂದ್ರ ಗ್ವಾಡಿ ತೆಳ್ಳಗಿದ್ದಿದ್ರ ಹುಡುಗ ಉಳೀತಿದ್ದ ಅಂತಿ?" ಎಂದಳು.

ಮೂರು ದಶಕ ಮಕ್ಕಳಿಗೆ ಪಾಠ ಹೇಳಿದ ನನಗೆ ಉತ್ತರ ಬಾಯಿಗೆ ಬರಲಿಲ್ಲ. ಅವಳೂ ಉತ್ತರಕ್ಕೆ ಕಾಯಲಿಲ್ಲ. ಸೆರಗಿನಿಂದ ಕಲ್ಲಿನ ಮೇಲಿನ ಉಪ್ಪುನೀರನ್ನು ಒರೆಸಿದಳು, ಮನೆಯ ಕಟ್ಟೆಯನ್ನು ಒರೆಸುವಂತೆ. ತಾಂಡೇಲನು ಕೂಗಿ ಕರೆಯುವವರೆಗೂ ಹಾಗೆಯೇ ಕುಳಿತಿದ್ದೆವು.

ವಾಚಕರೇ, ಅವಳಿಗೆ ಕೊಡಲಾರದ ಉತ್ತರವನ್ನು ನಿಮಗೆ ಕೊಡುವುದು ಸುಲಭ: ಹೌದು, ಪ್ರಾಯಶಃ ಉಳಿಯುತ್ತಿದ್ದ. ನೆಲಸಮವಾದ ಊರುಗಳನ್ನು ಸ್ಥಳಾಂತರಿಸಿ ಹೊಸ ಮನೆ ಕಟ್ಟಿಕೊಟ್ಟದ್ದು ನಿಜ. ಆದರೆ ಪಟ್ಟಿಯಲ್ಲಿ ಸೇರದ ನಮ್ಮಂಥ ಊರುಗಳಲ್ಲಿ ಹಳೆಯ ಕಲ್ಲು-ಮಣ್ಣಿನ ಗೋಡೆಗಳು ಇನ್ನೂ ನಿಂತಿವೆ, ಅವುಗಳ ಕೆಳಗೆ ತೊಟ್ಟಿಲುಗಳೂ ತೂಗುತ್ತಿವೆ. 2024ರಲ್ಲಿ ಹಿಂಗೋಲಿಯ ಕಡೆ ನೆಲ ನಡುಗಿತು. ಇಂಥ ಮನೆಯುಳ್ಳವರು ಕನಿಷ್ಠ ಮಾಳಿಗೆಯ ಮಣ್ಣನ್ನಾದರೂ ಇಳಿಸಿ ಹಗುರ ಮಾಡಬೇಕು. ಹೊಸದಾಗಿ ಕಟ್ಟುವವರು ಗೋಡೆಯ ಎರಡೂ ಮೈಗಳನ್ನು ಹಿಡಿಯುವ ಉದ್ದಕಲ್ಲುಗಳನ್ನು ಅಲ್ಲಲ್ಲಿ ಸೇರಿಸಿ, ಬಾಗಿಲ ತಲೆಯ ಮಟ್ಟದಲ್ಲಿ ಸುತ್ತಲೂ ಕಬ್ಬಿಣ ಹಾಕಿದ ಕಾಂಕ್ರೀಟಿನ ಪಟ್ಟಿಯನ್ನು ಕಟ್ಟಿಸಬೇಕು. ಮದುವೆಯ ಮಂಟಪಕ್ಕೆ ಸುರಿಯುವ ಹಣದಲ್ಲಿ ಸ್ವಲ್ಪ ಭಾಗ ಇದಕ್ಕೆ ಸಾಕು. ಇದನ್ನು ಹೇಳಿದರೆ ಊರಲ್ಲಿ ನನ್ನನ್ನು ಅಪಶಕುನದ ಮಾಸ್ತರನೆನ್ನುವವರಿದ್ದಾರೆ, ಎನ್ನಲಿ.

ದ್ವೀಪಕ್ಕೆ ಹೋಗಬಯಸುವ ಕುಟುಂಬಗಳಿಗೆ ಎರಡು ಮಾತು. ಮಳೆಗಾಲದಲ್ಲಿ ಬೋಟುಗಳು ಹೊರಡುವುದಿಲ್ಲ. ಕಾರ್ತಿಕದಿಂದ ಮಾಘದವರೆಗೆ ಹವೆ ಹಿತವಾಗಿರುತ್ತದೆ. ಕುಡಿಯುವ ನೀರು, ತಲೆಗೆ ಟೊಪ್ಪಿಗೆ ಅಥವಾ ಸೆರಗು, ಹಿಡಿತವುಳ್ಳ ಪಾದರಕ್ಷೆ ಜೊತೆಗಿರಲಿ. ಪಾಚಿ ಕಟ್ಟಿದ ಕಲ್ಲು ಬಲು ಜಾರುತ್ತದೆ, ಬಂಡೆಗಳ ಬಳಿ ನೀರಿಗಿಳಿಯುವುದು ಅಪಾಯ. ಕಂಬದ ಚೂರನ್ನು ನೆನಪಿಗೆಂದು ಕಿತ್ತು ತರಬೇಡಿರಿ. ಅಷ್ಟು ದೂರ ಹೋಗಲಾಗದವರು ಮುಂಬಯಿಗೆ ಹೋದಾಗ ಅಂಧೇರಿಯ ಗಿಲ್ಬರ್ಟ್ ಹಿಲ್ ನೋಡಬಹುದು. ನಮ್ಮ ಎರೆಭೂಮಿಯ ಕರಿಕಲ್ಲಿನದೇ ಕಂಬಗಳು ಅಲ್ಲಿ ಅರವತ್ತು ಮೀಟರ್ ಎತ್ತರಕ್ಕೆ, ಸುತ್ತ ಮುತ್ತಿದ ಕಟ್ಟಡಗಳ ನಡುವೆ ನಿಂತಿವೆ. ನೆತ್ತಿಯ ಮೇಲೆ ದೇವಿಯ ಗುಡಿಯಿದೆ, ಹತ್ತಲು ಮೆಟ್ಟಿಲುಗಳೂ ಇವೆ.