ತಪ್ಪೆಸಗುವ ಲಿಪಿಕಾರ

ನಿಖರವಾಗಿ ನಕಲಾದದ್ದೇ ಬಾಳುತ್ತದೆ ಎಂದು ನಾವು ಸಲೀಸಾಗಿ ನಂಬಿಬಿಡುತ್ತೇವೆ. ಎಚ್‌ಐವಿಯಂಥ ರೆಟ್ರೊವೈರಸ್‌ಗಳನ್ನು ನೋಡಿದರೆ ಈ ನಂಬಿಕೆ ಅಲುಗಾಡುತ್ತದೆ.

ಇವುಗಳ ವಂಶಲಿಪಿ ಇರುವುದು ಆರ್‌ಎನ್‌ಎಯಲ್ಲಿ. ವೈರಸ್ ಜೀವಕೋಶವನ್ನು ಹೊಕ್ಕಮೇಲೆ, ಅದು ಜೊತೆಗೇ ತಂದ ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಎಂಬ ಕಿಣ್ವ ಆ ಲಿಪಿಯನ್ನು ಓದಿ ಡಿಎನ್‌ಎ ಎಳೆ ಕಟ್ಟುತ್ತದೆ. ಓದಿಯಾದ ಆರ್‌ಎನ್‌ಎಯನ್ನು ಕತ್ತರಿಸಿ, ಎರಡನೆಯ ಎಳೆಯನ್ನೂ ಜೋಡಿಸುತ್ತದೆ. ಇಂಟಿಗ್ರೇಸ್ ಎಂಬ ಇನ್ನೊಂದು ಕಿಣ್ವ ಈ ಜೋಡಿಯನ್ನು ಕೋಶದ ಡಿಎನ್‌ಎಯೊಳಕ್ಕೇ ಸೇರಿಸುತ್ತದೆ. ಅಲ್ಲಿಂದಾಚೆಗೆ ಕೋಶಕ್ಕೆ ತನ್ನದು ಯಾವುದು, ವೈರಸ್ಸಿನದು ಯಾವುದು ಎಂಬ ಭೇದವಿಲ್ಲ.

ಆರ್‌ಎನ್‌ಎಯಿಂದ ಡಿಎನ್‌ಎಗೆ ಹೀಗೊಂದು ಹಿಮ್ಮುಖ ದಾರಿ ಇರಬೇಕೆಂದು ವಿಜ್ಞಾನಿ ಹೊವಾರ್ಡ್ ಟೆಮಿನ್ 1964ರಲ್ಲೇ ವಾದಿಸಿದಾಗ ಒಪ್ಪಿದವರು ತೀರ ಕಡಿಮೆ. ಮಾಹಿತಿ ಡಿಎನ್‌ಎಯಿಂದ ಆರ್‌ಎನ್‌ಎಗೆ ಮಾತ್ರ ಹರಿಯುತ್ತದೆಂದು ಪಾಠ ಹೇಳಲಾಗುತ್ತಿತ್ತು. (ಈ ಪಾಠದ ಮೂಲಗುರು ಫ್ರಾನ್ಸಿಸ್ ಕ್ರಿಕ್ ಹಾಗೆ ಹೇಳಿರಲೇ ಇಲ್ಲ, ಶಿಷ್ಯಕೋಟಿ ಗುರುವಿಗಿಂತ ಕಟ್ಟುನಿಟ್ಟು.) 1970ರಲ್ಲಿ ಟೆಮಿನ್ ಮತ್ತು ಅವರ ಸಹೋದ್ಯೋಗಿ ಮಿಜುಟಾನಿ ಒಂದೆಡೆ, ಡೇವಿಡ್ ಬಾಲ್ಟಿಮೋರ್ ಇನ್ನೊಂದೆಡೆ, ವೈರಸ್ ಕಣದೊಳಗೇ ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಕಿಣ್ವವನ್ನು ಕಂಡರು.

ಈ ಲಿಪಿಕಾರನಿಗೆ ಬರೆದದ್ದನ್ನು ತಿದ್ದಿ ನೋಡುವ ಅಭ್ಯಾಸವಿಲ್ಲ. ನಮ್ಮ ಡಿಎನ್‌ಎ ನಕಲು ಮಾಡುವ ಕಿಣ್ವಗಳು ತಪ್ಪು ಅಕ್ಷರವನ್ನು ಕಿತ್ತು ಸರಿಪಡಿಸುತ್ತವೆ. ಇದು ಹಾಗೇ ಮುಂದೆ ಸಾಗುತ್ತದೆ. ಎಷ್ಟೋ ಪ್ರತಿಗಳು ಕೆಲಸಕ್ಕೆ ಬಾರದೆ ಹೋಗುತ್ತವೆ. ಆದರೆ ಚಿಕಿತ್ಸೆಯಿಲ್ಲದ ಸೋಂಕಿತರ ದೇಹದಲ್ಲಿ ದಿನಕ್ಕೆ ನೂರಾರು ಕೋಟಿ ಕಣಗಳು ಹುಟ್ಟುವಾಗ ಆ ನಷ್ಟ ಯಾವ ಲೆಕ್ಕ? ಉಳಿದವುಗಳಲ್ಲಿ ಕೆಲವು ರೋಗನಿರೋಧಕ ಶಕ್ತಿಗೆ ಗುರುತೇ ಸಿಗದಷ್ಟು ಬದಲಾಗಿರುತ್ತವೆ. ಇದನ್ನು ದೋಷವೆನ್ನಲು ನನಗೆ ಮನಸ್ಸಿಲ್ಲ.

ನಾವು ಆ ಕಿಣ್ವವನ್ನು ಏಮಾರಿಸಿದ್ದೂ ಸುಳ್ಳು ಅಕ್ಷರ ಕೊಟ್ಟೇ. 1987ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಎಜೆಡ್‌ಟಿ, ಮೂಲತಃ ಕ್ಯಾನ್ಸರಿಗೆಂದು ತಯಾರಾಗಿ ಮೂಲೆ ಸೇರಿದ್ದ ಔಷಧ, ಡಿಎನ್‌ಎಯ ಅಕ್ಷರದಂತೆಯೇ ಕಾಣುತ್ತದೆ. ಕಿಣ್ವ ಅದನ್ನು ಜೋಡಿಸಿತೋ, ಎಳೆ ಅಲ್ಲಿಗೇ ನಿಂತಿತು. ಆದರೆ ಎಜೆಡ್‌ಟಿಯೊಂದನ್ನೇ ಕೊಟ್ಟಾಗ ಅದಕ್ಕೆ ಮೋಸಹೋಗದ ರೂಪಗಳು ಬೇಗನೆ ಮೇಲೆದ್ದವು. ಅವೂ ತಪ್ಪು ನಕಲಿನ ಸಂತಾನವೇ. 1990ರ ದಶಕದ ನಡುವೆ ಮೂರು ಔಷಧ ಒಟ್ಟಿಗೆ ಕೊಡತೊಡಗಿದ ಮೇಲೆ ಹಿಡಿತ ಸಿಕ್ಕಿತು: ಮೂರಕ್ಕೂ ಜಗ್ಗದ ಬದಲಾವಣೆಗಳು ಒಂದೇ ಪ್ರತಿಯಲ್ಲಿ ಕೂಡಿಬರುವುದು ತೀರ ಅಪರೂಪ.

ಆದರೂ ಈ ಔಷಧಗಳು ತಡೆಯುವುದು ಹೊಸ ಕೋಶಗಳಿಗೆ ಸೋಂಕು ತಗಲುವುದನ್ನಷ್ಟೇ. ಈಗಾಗಲೇ ಕೋಶದ ಡಿಎನ್‌ಎಯಲ್ಲಿ ಸೇರಿ ಮಲಗಿರುವ ಪ್ರತಿಗಳನ್ನು ಅವು ಮುಟ್ಟಲಾರವು. ಮಾತ್ರೆ ನಿಲ್ಲಿಸಿದರೆ ಬಹುತೇಕರಲ್ಲಿ ಕೆಲವೇ ವಾರಗಳಲ್ಲಿ ವೈರಸ್ ಮತ್ತೆ ರಕ್ತದಲ್ಲಿ ಕಾಣಿಸಿಕೊಳ್ಳುತ್ತದೆ.