ದಾರಿಯ ಇಗರ್ಜಿಗಳು ಯಾರವು?

ನಮ್ಮ ಸಂಘದ ಸದಸ್ಯರಾದ ಕ್ರೈಸ್ತ ದಂಪತಿಗಳು ಈಚೆಗೆ ನವರಂಗಪುರದಿಂದ ಮಂಗಳೂರಿಗೆ ರಸ್ತೆಯ ಮೇಲೆಯೇ ಹೋಗಿಬಂದರು. ವ್ಯಾನಿನ ಹಿಂಭಾಗದಲ್ಲಿ ಹಾಸಿಗೆ ಹಾಸಿ, ಸಣ್ಣದೊಂದು ಗ್ಯಾಸಿನ ಒಲೆ ಇಟ್ಟುಕೊಂಡು, ಅದನ್ನೇ ಮನೆ ಮಾಡಿಕೊಂಡು, ದಾರಿಯಲ್ಲಿ ಸಿಕ್ಕ ಇಗರ್ಜಿಗಳಲ್ಲಿ ಇಳಿದು ಪ್ರಾರ್ಥನೆ ಸಲ್ಲಿಸುತ್ತ ಮಾಡಿದ ಪ್ರವಾಸ ಅದು. ಅವರ ಪ್ರವಾಸಕಥನವನ್ನು ಈ ಮಾಸಿಕದಲ್ಲಿ ಅಚ್ಚು ಹಾಕಬೇಕೆಂಬ ಸೂಚನೆ ಬಂದಾಗ ಕೆಲವು ಹಿರಿಯ ಸದಸ್ಯರು, "ಅದು ಅವರ ಮತದ ಸಂಗತಿ. ಕನ್ನಡಕ್ಕೂ ಅದಕ್ಕೂ ಏನು ಸಂಬಂಧ?" ಎಂದು ಕೇಳಿದರು. ಕೇಳಿದವರು ಸಜ್ಜನರು, ಅವರ ಮಾತಿನಲ್ಲಿ ದ್ವೇಷವಿರಲಿಲ್ಲ. ಆದ್ದರಿಂದಲೇ ಇದಕ್ಕೆ ಬಹಿರಂಗವಾಗಿ ಉತ್ತರ ಕೊಡುವುದು ಅಗತ್ಯವೆಂದು ನಾವು ಭಾವಿಸುತ್ತೇವೆ.

ಉಡುಪಿ, ಧರ್ಮಸ್ಥಳ, ಶ್ರವಣಬೆಳಗೊಳ, ಕೂಡಲಸಂಗಮಗಳ ಯಾತ್ರೆಯ ಬರಹಗಳು ನಮ್ಮಲ್ಲಿ ಬಂದಾಗ ಯಾರೂ ಈ ಪ್ರಶ್ನೆ ಎತ್ತಲಿಲ್ಲ. ಅವು ಕನ್ನಡದ ಕ್ಷೇತ್ರಗಳೆಂದು ಸಂತೋಷದಿಂದ ಓದಿದೆವು. ಹಾಗಾದರೆ ಇಗರ್ಜಿಯ ಬಾಗಿಲಿಗೆ ಬಂದೊಡನೆ ಕನ್ನಡ ಚಪ್ಪಲಿಯಂತೆ ಹೊರಗೇ ಉಳಿಯಬೇಕೆ?

ದಂಪತಿಗಳು ಹೋದ ದಾರಿಯನ್ನೇ ಹಿಡಿದು ನೋಡೋಣ. ಇಲ್ಲಿಂದ ವಡೋದರ, ಸೂರತ್, ಮುಂಬಯಿ, ಪುಣೆ, ಕೊಲ್ಹಾಪುರ ದಾಟಿ ಬೆಳಗಾವಿಗೆ ಸುಮಾರು 1,000 ಕಿಲೋಮೀಟರು. ದೀಪಾವಳಿ ರಜೆಯಲ್ಲಿ ಊರಿಗೆ ಹೊರಟ ನಾವು ಈ ದಾರಿಯಲ್ಲಿ ನಿಲ್ಲುವುದು ಪೆಟ್ರೋಲ್ ಪಂಪಿನಲ್ಲಿ ಮತ್ತು ಧಾಬಾದಲ್ಲಿ ಮಾತ್ರ. ಆದರೆ ಇದೇ ದಾರಿಯನ್ನು ಸುಮಾರು 180 ವರ್ಷಗಳ ಹಿಂದೆ ಎದುರು ದಿಕ್ಕಿನಿಂದ ಬಂದವರೊಬ್ಬರಿದ್ದಾರೆ. ಲಂಡನ್ ಮಿಷನ್ನಿನ ಪಾದ್ರಿಯೊಬ್ಬರು ಬಳ್ಳಾರಿಯಲ್ಲಿ ದುಡಿದು, 1820ರಲ್ಲಿ ಬೆಳಗಾವಿಯಲ್ಲಿ ನೆಲೆ ಊರಿದರು. ಅದೇ ವರ್ಷ ಬಳ್ಳಾರಿಯಲ್ಲಿ ಹುಟ್ಟಿದ ಅವರ ಮಗ ಜೋಸೆಫ್ ವ್ಯಾನ್ ಸೋಮರೆನ್ ಟೇಲರ್ ಮುಂದೆ ಗುಜರಾತಿಗೆ ಬಂದು ಗುಜರಾತಿ ಭಾಷೆಗೆ ವ್ಯಾಕರಣ ಬರೆದರು. ಇಲ್ಲಿನ ವಿದ್ವಾಂಸರು ಅವರನ್ನು ಇಂದಿಗೂ ಗೌರವದಿಂದ ನೆನೆಯುತ್ತಾರೆ. ಗುಜರಾತಿಗಳು ತಮ್ಮ ವ್ಯಾಕರಣಕಾರನ ಜಾತಕ ಕೇಳಲಿಲ್ಲ. ನಮ್ಮ ನೆಲದಲ್ಲಿ ಹುಟ್ಟಿದವನೆಂದು ಹೆಮ್ಮೆಪಡಬೇಕಾದ ನಾವು ಅವರ ಹೆಸರನ್ನೂ ಕೇಳಿಲ್ಲ!

ಮುಂದೆ ವಸಯಿ. ಅಲ್ಲಿನ ಕ್ಯಾಥೊಲಿಕ್ ಪಾದ್ರಿ ಫ್ರಾನ್ಸಿಸ್ ದಿಬ್ರಿಟೊ ಮರಾಠಿಯ ಹೆಸರಾಂತ ಲೇಖಕರಾಗಿದ್ದರು. 2020ರ ಜನವರಿಯಲ್ಲಿ ಉಸ್ಮಾನಾಬಾದಿನಲ್ಲಿ ನಡೆದ ಅಖಿಲ ಭಾರತ ಮರಾಠಿ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಆಕ್ಷೇಪಿಸಿದವರು ಅಲ್ಲಿಯೂ ಇದ್ದರು. ಆದರೂ ಸಮ್ಮೇಳನ ಅವರ ಅಧ್ಯಕ್ಷತೆಯಲ್ಲೇ ನಡೆಯಿತು. ಈ ಮಾತಿನಲ್ಲಿ ಕನ್ನಡಿಗರು ಮರಾಠಿಗರಿಗಿಂತ ಎಷ್ಟೋ ಮುಂದಿದ್ದರು. ಸರ್ವಜ್ಞನ ವಚನಗಳನ್ನು ಊರೂರು ಅಲೆದು ಕೂಡಿಹಾಕಿ, 1924ರಲ್ಲಿ ಪುಸ್ತಕವಾಗಿ ಹೊರತಂದ ರೆವರೆಂಡ್ ಉತ್ತಂಗಿ ಚನ್ನಪ್ಪನವರು 1949ರಲ್ಲಿಯೇ ಕಲಬುರ್ಗಿಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದರು. 2014ರಲ್ಲಿ ಮಡಿಕೇರಿಯ ಸಮ್ಮೇಳನದಲ್ಲಿ ಆ ಪೀಠದ ಮೇಲೆ ಕುಳಿತವರು ಸಾಗರದ ನಾ. ಡಿಸೋಜಾ. ಕನ್ನಡ ನಾಡು 1949ರಲ್ಲಿ ದಾಟಿದ ಹೊಸ್ತಿಲನ್ನು ಅಹಮದಾಬಾದಿನ ಕನ್ನಡಿಗರು ಇಂದೂ ದಾಟಬಾರದೆ?

ಇನ್ನು ಹುಬ್ಬಳ್ಳಿ, ಧಾರವಾಡ, ಗದಗು ಬೆಟಗೇರಿಗಳ ಬಾಸೆಲ್ ಮಿಷನ್ ಇಗರ್ಜಿಗಳು. ಕೊನೆಗೆ ಮಂಗಳೂರಿನ ಬಲ್ಮಠ. 1834ರಲ್ಲಿ ಆ ಮಿಷನ್ನಿನವರು ಮಂಗಳೂರಿಗೆ ಬಂದಿಳಿದರು. ಅದೇ ಮಿಷನ್ನಿನ ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ಹೊರಡಿಸಿದ 'ಮಂಗಳೂರ ಸಮಾಚಾರ'ವೇ ಕನ್ನಡದ ಮೊದಲ ಪತ್ರಿಕೆ. ನೀವು ಈಗ ಕೈಯಲ್ಲಿ ಹಿಡಿದಿರುವ ಈ ಮಾಸಿಕದ ಮುತ್ತಜ್ಜ ಅದು! ನಾವು ಪ್ರತಿ ವರ್ಷ ಭಕ್ತಿಯಿಂದ ಹಾಡುವ ದಾಸರ ಪದಗಳನ್ನು 1850ರಲ್ಲಿ ಕೂಡಿಸಿ ಮಂಗಳೂರಿನಲ್ಲಿ ಅಚ್ಚು ಹಾಕಿದವರೂ ಅವರೇ. ಹಾಗೆಯೇ ಜೈಮಿನಿ ಭಾರತ, ಬಸವಪುರಾಣ. ಫರ್ಡಿನೆಂಡ್ ಕಿಟ್ಟೆಲ್ 1853ರಲ್ಲಿ ಬಂದು, ಕೇಶಿರಾಜನ 'ಶಬ್ದಮಣಿದರ್ಪಣ'ವನ್ನೂ ನಾಗವರ್ಮನ 'ಛಂದೋಂಬುಧಿ'ಯನ್ನೂ ಶೋಧಿಸಿ ಪ್ರಕಟಿಸಿದರು. ಸುಮಾರು 70,000 ಶಬ್ದಗಳ ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ನಮ್ಮ ಗುಜರಾತಿ ನೆರೆಯವರು ತಮ್ಮ ಹಳೆಯ ಮನೆಗಳ ಮೇಲಿನ ಹೆಂಚನ್ನು 'ಮೆಂಗ್ಳೋರಿ ನಳಿಯಾ' ಎನ್ನುತ್ತಾರಲ್ಲ, ಆ ಹೆಂಚಿನ ಕಾರ್ಖಾನೆಯನ್ನು 1865ರಲ್ಲಿ ಆರಂಭಿಸಿದ್ದೂ ಇದೇ ಮಿಷನ್. ನಮಗಿಂತ ಮೊದಲೇ ನಮ್ಮೂರಿನ ಹೆಸರು ಗುಜರಾತಿನ ಸೂರು ಏರಿ ಕುಳಿತಿದೆ.

"ಅವರು ಬಂದದ್ದು ಮತಾಂತರಕ್ಕಲ್ಲವೆ?" ಎಂದು ಕೇಳುವವರಿದ್ದಾರೆ. ಹೌದು, ಅದಕ್ಕೇ ಬಂದರು. ಅದನ್ನು ಅವರೂ ಮುಚ್ಚಿಡಲಿಲ್ಲ, ನಾವೂ ಮುಚ್ಚಿಡಬೇಕಾಗಿಲ್ಲ. ನಮ್ಮ ದೇವರುಗಳ ವಿಷಯದಲ್ಲಿ ಅವರು ಆಡಿದ ಕಟುವಾದ ಮಾತುಗಳನ್ನು ನಾವು ಒಪ್ಪಬೇಕಾಗಿಯೂ ಇಲ್ಲ. ಆದರೆ ಮತ ಸಾರಲೆಂದು ಭಾಷೆ ಕಲಿಯಹೊರಟವರು ಕೊನೆಗೆ ಆ ಭಾಷೆಗೇ ಆಯುಷ್ಯ ಸವೆಸಿದರು. ಅವರ ನಿಘಂಟನ್ನು ತೆರೆದು ಅರ್ಥ ಹುಡುಕುವಾಗ ನೆನಪಾಗದ ಮತಾಂತರ, ಪ್ರವಾಸಕಥನ ಅಚ್ಚು ಹಾಕುವಾಗ ಮಾತ್ರ ಏಕೆ ನೆನಪಾಗಬೇಕು? ಉಂಡ ಮನೆಯ ಜಂತೆ ಎಣಿಸುವುದೆಂದರೆ ಇದೇ. ಅಲ್ಲದೆ ಇಂದಿನ ಈ ದಂಪತಿಗಳು ಯಾರನ್ನೂ ಮತಾಂತರಿಸಲು ಹೊರಟವರಲ್ಲ. ತಲೆಮಾರುಗಳಿಂದ ಕನ್ನಡದಲ್ಲಿ ದೇವರನ್ನು ಕರೆದ ಮನೆಯವರು ಅವರು.

ಇಷ್ಟು ಹೇಳಿ, ಕ್ರೈಸ್ತ ಬಂಧುಗಳಿಗೂ ಒಂದು ಮಾತು ಹೇಳದಿದ್ದರೆ ನಮ್ಮದು ಪಕ್ಷಪಾತವಾದೀತು. ಇಲ್ಲಿ ನಿಮ್ಮ ಭಾನುವಾರದ ಆರಾಧನೆ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಗುಜರಾತಿಯಲ್ಲೋ ನಡೆಯುತ್ತದೆ. ಬಂದು ನೆಲೆಸಿದ ಊರಿನಲ್ಲಿ ಅದು ಸಹಜ. ಆದರೆ ಮನೆಯ ಸಂಜೆ ಪ್ರಾರ್ಥನೆಗೂ ಇಂಗ್ಲಿಷೇ ಬೇಕೆ? 1962ರಿಂದ 1965ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆ ಲ್ಯಾಟಿನ್ನಿನ ಜಾಗದಲ್ಲಿ ಜನರ ಭಾಷೆಗೆ ಅವಕಾಶ ಕೊಟ್ಟಿತು. ಬಾಸೆಲಿನವರಂತೂ ಮೊದಲಿನಿಂದಲೂ ಕನ್ನಡದಲ್ಲೇ ಹಾಡಿಸಿದರು. ಜರ್ಮನಿಯಿಂದ ಬಂದವರು ನಿಮ್ಮ ಅಜ್ಜಂದಿರಿಗೆ ಕನ್ನಡದಲ್ಲಿ ಹಾಡಲು ಹೇಳಿಕೊಟ್ಟರು. ನಿಮ್ಮ ಮೊಮ್ಮಕ್ಕಳಿಗೆ ಹೇಳಿಕೊಡುವವರು ಯಾರು? ಬಲ್ಮಠದ ಮುಂದೆ ಫೋಟೋ ತೆಗೆಸಿಕೊಂಡ ಮಗುವಿಗೆ ಅಲ್ಲಿನ ಬೋರ್ಡಿನ ಕನ್ನಡ ಅಕ್ಷರ ಓದಲು ಬಾರದಿದ್ದರೆ 1,400 ಕಿಲೋಮೀಟರು ವ್ಯಾನು ಓಡಿಸಿದ್ದು ಬರೀ ಡೀಸೆಲ್ ಖರ್ಚು.

ಆದ್ದರಿಂದ ಸಂಘದ ಕಾರ್ಯಕಾರಿ ಸಮಿತಿಯ ಮುಂದೆ ನಾವು ಮೂರು ಬೇಡಿಕೆ ಇಡುತ್ತೇವೆ. ಒಂದು, ಆ ಪ್ರವಾಸಕಥನ ಮುಂದಿನ ಸಂಚಿಕೆಯಿಂದಲೇ ಕಂತುಕಂತಾಗಿ ಅಚ್ಚಾಗಬೇಕು. ಎರಡು, ಯುಗಾದಿ, ಗಣೇಶೋತ್ಸವಗಳಂತೆ ಡಿಸೆಂಬರಿನಲ್ಲಿ ಒಂದು ಸಂಜೆ ಕನ್ನಡದ ಕ್ರಿಸ್ಮಸ್ ಗೀತೆಗಳು ನಮ್ಮ ವೇದಿಕೆಯಲ್ಲಿ ಕೇಳಿಬರಬೇಕು. ಹಾಡುವ ಮಕ್ಕಳಲ್ಲಿ ಎಲ್ಲ ಮನೆಯವರೂ ಇರಬೇಕು. ಮೂರು, ಜುಲೈ 1ರಂದು 'ಮಂಗಳೂರ ಸಮಾಚಾರ'ದ ನೆನಪಿಗೆ ಮಕ್ಕಳಿಂದ ಒಂದು ಕೈಬರಹದ ಪತ್ರಿಕೆ ಮಾಡಿಸಬೇಕು.

ಪರವೂರಿನಲ್ಲಿ ನಾವು ಬೆರಳೆಣಿಕೆಯ ಮನೆಗಳು. ಆ ಬೆರಳುಗಳಲ್ಲೂ ಇದು ನಮ್ಮದು, ಅದು ಅವರದು ಎಂದು ಮಡಚುತ್ತ ಹೋದರೆ ಕೊನೆಗೆ ಉಳಿಯುವುದೇನು? ಪ್ರವಾಸಕಥನ ಬೇಡವೆನ್ನುವ ಹಿರಿಯರು ಸಭೆಗೆ ಬಂದು ತಮ್ಮ ಕಾರಣ ಹೇಳಲಿ. ಬರುವಾಗ ಮನೆಯ ಕಪಾಟಿನಲ್ಲಿರುವ ಕಿಟ್ಟೆಲರ ನಿಘಂಟನ್ನೂ ಕೈಯಲ್ಲಿ ಹಿಡಿದುಕೊಂಡು ಬರಲಿ.