ಪದ್ಮಿನಿಗೆ ಹೊಸ ಸೀರೆ ಬೇಡವಂತೆ!

ಈ ವಾರ ಪದ್ಮಿನಿಯ ಕಥೆ. ಹುಬ್ಬೇರಿಸಬೇಡಿ ಮಿತ್ರರೇ, ಯಾವ ನಟಿಯ ಗುಟ್ಟನ್ನೂ ನಾನಿಲ್ಲಿ ಬಯಲು ಮಾಡುತ್ತಿಲ್ಲ. ಈಕೆಗೆ ನಾಲ್ಕು ಚಕ್ರ, 1089 ಸಿ.ಸಿ. ಎಂಜಿನ್, ಸ್ಟೇರಿಂಗ್ ಪಕ್ಕದಲ್ಲೇ ಗೇರು. ಹುಟ್ಟಿದ್ದು ಮುಂಬಯಿಯ ಕುರ್ಲಾದಲ್ಲಿ. 1964ರಲ್ಲಿ ಫಿಯಟ್ 1100 ಡಿಲೈಟ್ ಎಂದು ಬಂದು, ನಡುವೆ ಕೆಲಕಾಲ ಪ್ರೀಮಿಯರ್ ಪ್ರೆಸಿಡೆಂಟ್ ಅನ್ನಿಸಿಕೊಂಡು, 1974ರಿಂದ ಪ್ರೀಮಿಯರ್ ಪದ್ಮಿನಿ ಎಂದು ಹೆಸರಾದವಳು. ನಮ್ಮಪ್ಪಂದಿರ ಕಾಲದ ಡ್ರೀಮ್ ಗರ್ಲ್ ಅಂದರೂ ತಪ್ಪಿಲ್ಲ.

2018ರಲ್ಲಿ 'ಕೆಜಿಎಫ್', ಮರುವರ್ಷ 'ಬೆಲ್ ಬಾಟಂ' ಗೆದ್ದಮೇಲೆ ಗಾಂಧಿನಗರಕ್ಕೆ ಹಳೇ ಕಾಲದ ಹುಚ್ಚು ಹಿಡಿದಿದೆ. ಬೆಲ್ ಬಾಟಂ ಪ್ಯಾಂಟನ್ನು ಒಂದು ರಾತ್ರಿಯಲ್ಲಿ ಹೊಲಿಸಬಹುದು. ಹಳೇ ಕಾರು ಎಲ್ಲಿಂದ ತರೋದು? ಒಂದು ಯೂನಿಟ್ಟಿನ ಪ್ರೊಡಕ್ಷನ್ ಮ್ಯಾನೇಜರ್ ನನ್ನನ್ನು ಹಿಡಿದುಕೊಂಡು, "ಗುರುವೇ, ಒಂದು ಪದ್ಮಿನಿ ಬೇಕು, ಎಂಟು ದಿನ ಬಾಡಿಗೆ, ಕಥೆ ನಡೆಯೋದು 1988ರಲ್ಲಿ" ಅಂದಾಗ ನಾನು ಎದೆ ತಟ್ಟಿಕೊಂಡು "ನನ್ನ ಹತ್ರ ಇದೆ" ಅಂದುಬಿಟ್ಟೆ. ಇದ್ದದ್ದು ನನ್ನ ಹತ್ರ ಅಲ್ಲ, ರಾಮನಗರದ ನನ್ನ ಗೆಳೆಯನ ಶೆಡ್ಡಿನಲ್ಲಿ. (ರಾಮನಗರದ ಗಾಡಿ ಅಂದಕೂಡಲೇ 'ಶೋಲೆ'ಗೆ ಓಡಿತ್ತಾ ಎಂದು ಕೇಳಬೇಡಿ. 'ಶೋಲೆ' ತೆರೆಕಂಡದ್ದು 1975ರಲ್ಲಿ. ಈ ಗಾಡಿ 1982ರದು.)

ಗೆಳೆಯನ ಅಪ್ಪ ಅದನ್ನು ಬಾಡಿಗೆಗೆ ಓಡಿಸಿ ಮನೆ ನಡೆಸಿದವರು. ಅವರು ತೀರಿಕೊಂಡ ಮೇಲೆ ಗಾಡಿ ಒಂಬತ್ತು ವರ್ಷ ಶೆಡ್ ಬಿಟ್ಟು ಕದಲಿಲ್ಲ. ಮನೆಯಲ್ಲಿ ಸಾಲ. ಗುಜರಿಯವನು ಬಂದು ತೂಕದ ಲೆಕ್ಕ ಹೇಳಿ ಹೋಗಿದ್ದ. "ಈ ಎಂಟು ದಿನದ ಬಾಡಿಗೆ ಸಿಕ್ಕಿದ್ರೆ ಗಾಡಿ ಉಳೀತದೆ ಅಣ್ಣ, ಇಲ್ಲಾಂದ್ರೆ ಅಮಾವಾಸ್ಯೆ ಕಳೆದ ಮೇಲೆ ಕೊಟ್ಟುಬಿಡ್ತೀನಿ" ಅಂದ.

ಎಂಜಿನ್ ಎರಡೇ ದಿನದಲ್ಲಿ ಮಾತು ಕೇಳಿತು. ಕೇಳದಿದ್ದದ್ದು ಒಳಗಿನ ಸಂಸಾರ! ಟಾಪಿನ ಬಟ್ಟೆ ಹರಿದು ಜೋತು ಬಿದ್ದಿತ್ತು. ಡೋರ್ ಪ್ಯಾಡುಗಳು ಕೆಳಗಡೆ ಉಬ್ಬಿ ಹಪ್ಪಳವಾಗಿದ್ದವು. ಡ್ರೈವರ್ ಸೀಟು ಒಂದು ಕಡೆ ಕುಸಿದು, ಮರೂನ್ ರೆಕ್ಸಿನ್ನು ಬಿರುಕು ಬಿಟ್ಟ ಕೆರೆಯಂಗಳದಂತಾಗಿತ್ತು. ಆರ್ಟ್ ಡೈರೆಕ್ಟರ್ ಬಂದು ನೋಡಿ, "ಹನ್ನೊಂದು ದಿನ ಟೈಮ್ ಕೊಡ್ತೀನಿ. ಸರಿ ಮಾಡಿಸಿ. ಆದ್ರೆ ಹೊಸದಾಗಿ ಕಾಣಬಾರದು. ನಮ್ಮ ಕಥೇಲಿ ಆರು ವರ್ಷ ಓಡಿರೋ ಗಾಡಿ ಇದು" ಎಂದು ಹೇಳಿ ಹೋದರು. ಹರಕೂ ಇರಬಾರದು, ಹೊಸದೂ ಇರಬಾರದು. ನಾಯಕಿಯ ಮೇಕಪ್ಪಿಗೆ ಹೇಳಿದ ಹಾಗಾಯಿತು!

ಇಲ್ಲಿ ನನ್ನ ತಪ್ಪನ್ನು ಒಪ್ಪಿಕೊಳ್ಳಬೇಕು. "ಎರಡೇ ದಿನ ಸಾರ್" ಎಂದ ಒಂದು ಅಂಗಡಿಗೆ ಗಾಡಿ ನುಗ್ಗಿಸಿದವನು ನಾನೇ. ಅಂಗಡಿಯ ಹೆಸರು ಬೇಡ. ಅಲ್ಲಿನ ಹುಡುಗ ಟಾಪಿನ ಹಳೇ ಬಟ್ಟೆಯನ್ನು ಒಂದೇ ಎಳೆತಕ್ಕೆ ಕಿತ್ತು, ಒಳಗಿನ ಕಂಬಿಗಳ ಸಮೇತ ಮೂಲೆಗೆ ಎಸೆದ. ತಗಡಿಗೆ ಅಂಟು ಬಳಿದು, ಸ್ಪಾಂಜ್ ಕೂಡಿಸಿದ ಬಟ್ಟೆಯನ್ನು ನೇರ ಅಂಟಿಸಿದ. ನೋಡೋಕೆ ಪಸಂದಾಗಿತ್ತು. ಮೂರನೇ ದಿನ ಮಧ್ಯಾಹ್ನ ಬಿಸಿಲಲ್ಲಿ ನಿಲ್ಲಿಸಿದ್ದೆವು. ತಗಡು ಕಾದು ಅಂಟು ಬಿಟ್ಟಿತು. ಬಟ್ಟೆ ಪೂರ್ತಿ ಮದುವೆ ಮನೆಯ ಶಾಮಿಯಾನದ ಹಾಗೆ ನಮ್ಮಿಬ್ಬರ ತಲೆ ಮೇಲೆ! ಆರೂವರೆ ಸಾವಿರ ರೂಪಾಯಿ ಹೋಯಿತು. ಗೆಳೆಯ ಏನೂ ಅನ್ನಲಿಲ್ಲ. ಅಂದಿದ್ದರೆ ವಾಸಿಯಿತ್ತು.

ಜೆ.ಸಿ. ರಸ್ತೆ ನಿಮಗೆ ಗೊತ್ತಲ್ಲ, ರವೀಂದ್ರ ಕಲಾಕ್ಷೇತ್ರ ಇರುವ ರಸ್ತೆ. ಒಂದು ತುದಿಯಲ್ಲಿ ನಾಟಕ, ಉಳಿದುದ್ದಕ್ಕೂ ಕಾರಿನ ಸ್ಪೇರ್ ಪಾರ್ಟು, ಸೀಟ್ ಕವರು. ಅದರ ಒಂದು ಓಣಿಯಲ್ಲಿ ಎಪ್ಪತ್ತು ದಾಟಿದ ಚಾಚಾ ಒಬ್ಬರಿದ್ದಾರೆ, ಹೊಲಿಗೆ ಮೆಷಿನ್ನೇ ಅವರ ಸಿಂಹಾಸನ. ಗಾಡಿಯ ಒಳಗೆ ತಲೆ ಹಾಕಿ ನೋಡಿ ಅವರು ಕೇಳಿದ ಮೊದಲ ಮಾತು: "ಹಳೇದು ಎಲ್ಲಿ?"

"ಬಿಸಾಕಿದ್ವಿ ಚಾಚಾ."

"ಹೋಗಿ ತಗೊಂಡ್ ಬಾ ಬೇಟಾ. ಆಮೇಲೆ ಮಾತಾಡು."

ಆ ಅಂಗಡಿಯ ಹಿಂದಿನ ಕಸದ ರಾಶಿಯಲ್ಲಿ ಬಟ್ಟೆ ಸಿಕ್ಕಿತು. ಕಂಬಿಗಳನ್ನು ಆಗಲೇ ಗುಜರಿ ಗಾಡಿಯವನು ಒಯ್ದಿದ್ದ. ಅವನನ್ನು ಹುಡುಕಿ, ನೂರು ರೂಪಾಯಿ ಕೊಟ್ಟು ಬಿಡಿಸಿ ತಂದೆವು. ಯಾಕಷ್ಟು ಪಾಡು ಅಂತೀರಾ? ಆ ಕಾಲದ ಕಾರುಗಳಲ್ಲಿ ಟಾಪಿನ ಬಟ್ಟೆ ತಗಡಿಗೆ ಅಂಟಿರುವುದಿಲ್ಲ. ಬಟ್ಟೆಗೆ ಅಡ್ಡಡ್ಡ ನೇಪೆ ಹೊಲಿದು, ಒಂದೊಂದರಲ್ಲೂ ಬಾಗಿದ ಉಕ್ಕಿನ ಕಂಬಿ ತೂರಿಸಿ, ಕಂಬಿಯ ತುದಿಗಳನ್ನು ಎರಡೂ ಪಕ್ಕಕ್ಕೆ ಸಿಕ್ಕಿಸುತ್ತಾರೆ. ಬಟ್ಟೆ ತೊಟ್ಟಿಲಿನ ಹಾಗೆ ತೂಗುತ್ತಿರುತ್ತದೆ. ಅಂಚು ಮಾತ್ರ ಅಂಟು, ಅದೂ ಗಾಜಿನ ರಬ್ಬರಿನ ಅಡಿ ಮುಚ್ಚಿಹೋಗುತ್ತದೆ. ಒಂದು ಕಂಬಿಯ ಬಾಗು ಇನ್ನೊಂದಕ್ಕಿಲ್ಲ. ಅದಲು ಬದಲಾದರೆ ಬಟ್ಟೆ ಕೂರುವುದಿಲ್ಲ. ಚಾಚಾ ಹರಕು ಬಟ್ಟೆಯ ಹೊಲಿಗೆ ಬಿಚ್ಚಿ, ಇಸ್ತ್ರಿ ಹಾಕಿ, ಹೊಸ ಕೆನೆಬಣ್ಣದ ಬಟ್ಟೆಯ ಮೇಲೆ ಹಾಸಿ ಸೀಮೆಸುಣ್ಣದಲ್ಲಿ ಗೀಟು ಎಳೆದರು. ಯಾವ ಕಂಬಿ ಯಾವ ನೇಪೆಗೆ ಅನ್ನುವುದನ್ನು ತುಕ್ಕಿನ ಗುರುತು ನೋಡಿಯೇ ಹೇಳಿದರು. ಜಾತಕ ನೋಡುವವರೂ ಅಷ್ಟು ಖಡಾಖಂಡಿತವಾಗಿ ಹೇಳಲಾರರು!

"ಏಳು ದಿನ ಸಾಕು. ಆದ್ರೆ ಬಿಸಿಲು ಬೇಕು" ಅಂದರು. ಬಿಸಿಲಿಗೆ ಬಟ್ಟೆ, ರೆಕ್ಸಿನ್ನು ಮೆತ್ತಗಾಗಿ ಎಳೆದ ಹಾಗೆ ಬರುತ್ತವೆ, ತಣ್ಣಗಾದ ಮೇಲೆ ಬಿಗಿಯುತ್ತವೆ. ನಮ್ಮ ಗ್ರಹಚಾರ, ಅದು ಚಿತ್ತೆ ಮಳೆಯ ಕಾಲ.

ಮಳೆ ಬಂದ ದಿನ ಸೀಟು ಬಿಚ್ಚಿದರು. ರೆಕ್ಸಿನ್ ಕೆಳಗೆ ಹತ್ತಿ, ಹತ್ತಿಯ ಕೆಳಗೆ ತೆಂಗಿನ ನಾರು, ಆಮೇಲೆ ಗೋಣಿತಟ್ಟು, ಎಲ್ಲಕ್ಕಿಂತ ಕೆಳಗೆ ಸ್ಪ್ರಿಂಗು. ಡ್ರೈವರ್ ಕೂರುವ ಕಡೆ ಎರಡು ಸ್ಪ್ರಿಂಗ್ ಮುರಿದಿದ್ದವು. ಮುರಿದ ತುದಿಗಳನ್ನು ಸೈಕಲ್ ಟ್ಯೂಬಿನ ಪಟ್ಟಿಯಿಂದ ಯಾರೋ ಬಿಗಿದು ಕಟ್ಟಿದ್ದರು. ಗೆಳೆಯ ಬಗ್ಗಿ ನೋಡಿದ. "ನಮ್ಮಪ್ಪ ಕಟ್ಟಿದ್ದು. ಟ್ಯೂಬು ನನ್ನ ಸೈಕಲ್ದು" ಅಂದ. ಆಮೇಲೆ ಟೀ ತರ್ತೀನಿ ಅಂತ ಹೋದವನು ಬಹಳ ಹೊತ್ತು ಬರಲಿಲ್ಲ.

ಚಾಚಾ ಟ್ಯೂಬನ್ನು ಬ್ಲೇಡಿನಿಂದ ಕುಯ್ಯಲಿಲ್ಲ. ಗಂಟು ಬಿಚ್ಚಿ ಪಕ್ಕಕ್ಕಿಟ್ಟರು. ಭಾರ ಬೀಳದ ನಡುಭಾಗದ ಎರಡು ಸ್ಪ್ರಿಂಗ್ ತೆಗೆದು ಡ್ರೈವರ್ ಕಡೆ ಹಾಕಿ, ನಡುವಿಗೆ ಗುಜರಿ ಸೀಟಿನವು ಸೇರಿಸಿದರು. ಮುರಿದ ಸ್ಪ್ರಿಂಗಿನ ಮೇಲೆ ಫೋಮ್ ತುರುಕಿ ಮುಚ್ಚುವವರೇ ಈಗ ಜಾಸ್ತಿ. ಅಂಥ ಸೀಟು ಕೆಲವು ತಿಂಗಳಲ್ಲೇ ಮತ್ತೆ ಕೂರುತ್ತದೆ.

ಇನ್ನು ರೆಕ್ಸಿನ್ನಿನ ಸಮಸ್ಯೆ. ಹೊಸ ಮರೂನ್ ತಂದು ಪಕ್ಕದಲ್ಲಿ ಹಿಡಿದರೆ, ಹಳೇದರ ಮುಂದೆ ಅದು ಲಿಪ್‌ಸ್ಟಿಕ್ಕಿನ ಹಾಗೆ ಹೊಡೆಯುತ್ತಿತ್ತು. ಚಾಚಾ ಮುಂದಿನ ಸೀಟಿನ ಬೆನ್ನನ್ನು ತಟ್ಟಿ ತೋರಿಸಿದರು. ಬೆನ್ನು ಅಂದರೆ ಹಿಂದೆ ಕೂತವರ ಮೊಣಕಾಲಿಗೆ ಎದುರಾಗುವ ಭಾಗ. ಅಲ್ಲಿ ಯಾರೂ ಕೂತಿಲ್ಲ, ಬಿಸಿಲೂ ನೇರ ಬಿದ್ದಿಲ್ಲ. ಒಂದು ಮೂಲೆ ಮಡಚಿ, ಉಗುರಿನಿಂದ ಒತ್ತಿ ನೋಡಿದರು. ಸೀಳಲಿಲ್ಲ! ಆ ಹಳೇ ತುಂಡನ್ನೇ ಬಿಚ್ಚಿ ಡ್ರೈವರ್ ಸೀಟಿನ ಮೇಲ್ಮೈಗೆ ತಂದು, ಬೆನ್ನಿಗೆ ಹೊಸ ರೆಕ್ಸಿನ್ ಹಾಕಿದರು. ಹಳೇ ಸೂಜಿ ತೂತಿನ ಸಾಲಿನಲ್ಲಿ ಹೊಲಿಯಲಿಲ್ಲ. ಹೊಲಿದರೆ ಅಂಚೆ ಚೀಟಿ ಹರಿದ ಹಾಗೆ ಹರಿಯುತ್ತದಂತೆ. ಅರ್ಧ ಬೆರಳು ಒಳಗೆ, ದೂರ ದೂರದ ಹೊಲಿಗೆ.

ಡೋರ್ ಪ್ಯಾಡಿನದು ಸಣ್ಣ ಕೆಲಸ. ಗಾಜಿನ ರಬ್ಬರು ಗಟ್ಟಿಯಾಗಿ ಮಳೆನೀರು ಬಾಗಿಲೊಳಗೆ ಇಳಿಯುತ್ತಿತ್ತು. ಬಾಗಿಲಿನ ಅಡಿಯ ತೂತುಗಳಲ್ಲಿ ಮಣ್ಣು ಕಟ್ಟಿ ನೀರು ಹೊರಗೆ ಹೋಗುತ್ತಿರಲಿಲ್ಲ. ಹಲಗೆ ಉಬ್ಬದೆ ಇನ್ನೇನು? ತಂತಿ ಹಾಕಿ ತೂತು ಬಿಡಿಸಿ, ಪಾಲಿಥೀನ್ ಹಾಳೆ ಅಂಟಿಸಿ, ಹಳೇ ಹಲಗೆಯ ಅಳತೆಗೆ ತೆಳು ಪ್ಲೈವುಡ್ ಕುಯ್ದು, ಅಂಚಿಗೆ ವಾರ್ನಿಷ್ ಬಳಿದು ಕೂಡಿಸಿದರು. ಕಾಲಡಿಯ ಮ್ಯಾಟ್ ಎತ್ತಿದಾಗ ಮಾತ್ರ ನಮ್ಮ ಎದೆ ಧಸಕ್ಕೆಂದಿತು. ಅಡಿಯ ಫೆಲ್ಟ್ ನೀರು ಕುಡಿದು ಕೊಳೆತು, ತಗಡಿನಲ್ಲಿ ಅಂಗೈಯಗಲ ತೂತು. ರಸ್ತೆ ಕಾಣುತ್ತಿತ್ತು! ಟಿಂಕರ್ ಬಂದು ಬೆಸೆದು ಹೋದ.

ಹತ್ತನೇ ದಿನ ಟಾಪು ಕೂರಿಸಬೇಕು, ಮಳೆ ನಿಂತಿಲ್ಲ. ಆಗ ನನಗೊಂದು ಉಪಾಯ ಹೊಳೆಯಿತು. ಪರಿಚಯದ ಲೈಟ್ ಬಾಯ್ ಒಬ್ಬನ ಕೈಕಾಲು ಹಿಡಿದು ಒಂದು ಬೇಬಿ ಲೈಟು ತಂದೆ. ಸಾವಿರ ವ್ಯಾಟಿನದು. ತಾರೆಯರ ಮುಖ ಬೆಳಗುವ ದೀಪದಿಂದ ಪದ್ಮಿನಿಯ ನೆತ್ತಿ ಕಾಯಿಸಿದೆವು! ಮುಂದಿನ ಹಿಂದಿನ ಗಾಜು ಬಿಚ್ಚಿ, ಚಾಚಾ ನಡುವಿನ ಕಂಬಿಯಿಂದ ಶುರುಮಾಡಿ ಮೊದಲು ಹಿಂದಕ್ಕೂ ಮುಂದಕ್ಕೂ, ಆಮೇಲೆ ಪಕ್ಕಗಳಿಗೂ ಎಳೆದು ಅಂಟಿಸಿದರು. ಎರಡೂ ಕಡೆ ಅಂಟು ಬಳಿದು, ಬೆರಳಿಗೆ ಅಂಟದಷ್ಟು ಒಣಗಿದ ಮೇಲೇ ಒತ್ತಬೇಕು. ನನ್ನ ಅಂಗಡಿಯ ಹುಡುಗನಿಗೆ ಅಷ್ಟು ತಾಳ್ಮೆ ಎಲ್ಲಿತ್ತು! ರಾತ್ರಿ ಹನ್ನೊಂದಕ್ಕೆ ಗಾಜು ಮತ್ತೆ ಕೂತಿತು. "ಅಂಟು ಹಸಿ ಇದೆ. ಈ ಗಾಜು ಯಾರೂ ಮುಟ್ಟಬಾರ್ದು" ಅಂದರು ಚಾಚಾ.

ಮುಟ್ಟುವವರು ಮರುದಿನವೇ ಬಂದರು. ಮೊದಲ ಶಾಟು, ಕ್ಯಾಮೆರಾ ಬಾನೆಟ್ ಹತ್ತಿರ ಕೆಳಗಿನಿಂದ ಮೇಲಕ್ಕೆ ನೋಡುತ್ತದೆ. ಅಂದರೆ ನಾಯಕನ ತಲೆಯ ಹಿಂದೆ ಪೂರ್ತಿ ಟಾಪೇ ಕಾಣುವುದು. ಗಾಜಿನಲ್ಲಿ ಆಕಾಶದ ನೆರಳು ಬೀಳುತ್ತಿದೆ, ಗಾಜು ತೆಗೆದುಬಿಡಿ ಎಂದು ಒಬ್ಬ ಸಹಾಯಕ ಸ್ಕ್ರೂಡ್ರೈವರ್ ಹಿಡಿದು ಬಂದ. ಯೂನಿಟ್ ಅಂದರೆ ನಡುಗುವ ನನ್ನ ಗೆಳೆಯ ಅಡ್ಡ ನಿಂತ. "ಗಾಜು ತೆಗೆಯೋ ಹಾಗಿದ್ರೆ ಗಾಡಿ ವಾಪಸ್ ತಗೊಂಡು ಹೋಗ್ತೀನಿ ಸಾರ್, ಬಾಡಿಗೆ ಬೇಡ."

ಸೆಟ್ಟಿನಲ್ಲಿ ಸದ್ದಿಲ್ಲ. ಮ್ಯಾನೇಜರ್ ನನ್ನನ್ನು ನುಂಗುವ ಹಾಗೆ ನೋಡಿದ. ನಾನು ಕೈ ಕಟ್ಟಿಕೊಂಡು ಗೆಳೆಯನ ಪಕ್ಕಕ್ಕೆ ಹೋಗಿ ನಿಂತೆ, ಬೇರೆ ಏನೂ ತೋಚಲಿಲ್ಲ. ಕೊನೆಗೆ ಕ್ಯಾಮೆರಾಮನ್ನೇ, ಹಳೇ ಹುಲಿ, ಎದ್ದು ಬಂದು ಟಾಪಿನ ಒಳಗೆ ಕೈಯಾಡಿಸಿ, "ಚೆನ್ನಾಗಿ ಮಾಡಿದಾರಲ್ರೀ! ಗಾಜು ಇರಲಿ. ಮೇಲೆ ಕಪ್ಪು ಬಟ್ಟೆ ಕಟ್ಟಿ, ನೆರಳು ಸಾಯುತ್ತೆ" ಅಂದರು. ನಾಲ್ಕು ಹುಡುಗರು ಕಪ್ಪು ಬಟ್ಟೆ ಹಿಡಿದು ನಿಂತರು. ಎರಡನೇ ಟೇಕಿಗೆ ಶಾಟ್ ಓಕೆ!

ಚಿತ್ರದ ಹೆಸರು ಈಗ ಬೇಡ, ಬಿಡುಗಡೆಯಾಗಲಿ. ಬಾಡಿಗೆ ಎಂಟೂ ದಿನದ್ದು ಬಂತು. ಗುಜರಿಯವನಿಗೆ ಗೆಳೆಯನ ತಾಯಿಯೇ ಫೋನ್ ಮಾಡಿ ಬೇಡ ಅಂದರಂತೆ. ಸೈಕಲ್ ಟ್ಯೂಬಿನ ಪಟ್ಟಿ ಈಗ ಗಾಡಿಯ ಡ್ಯಾಶ್‌ಬೋರ್ಡಿನ ಗೂಡಿನಲ್ಲಿದೆ.

ಮೊನ್ನೆ ಇನ್ನೊಂದು ಯೂನಿಟ್ಟಿನವರು ಕೇಳಿದ್ದಾರೆ, ಮುಂಬಯಿ ಕಥೆಯಂತೆ. 2023ರ ಅಕ್ಟೋಬರಿನಲ್ಲಿ ಪದ್ಮಿನಿ ಟ್ಯಾಕ್ಸಿಗಳು ಆ ಊರಿನ ರಸ್ತೆ ಬಿಟ್ಟಮೇಲೆ ಇಂಥ ಗಾಡಿಗೆ ಬೇಡಿಕೆ ಇದ್ದದ್ದೇ. ಕಪ್ಪು ಹಳದಿ ಬಣ್ಣ ಹೊಡೀತೀವಿ ಅಂದರಂತೆ. "ಏನ್ ಮಾಡ್ಲಿ ಅಣ್ಣ?" ಎಂದು ಕೇಳಿದ. ಇಂಥ ವಿಷಯದಲ್ಲಿ ನನ್ನ ಬುದ್ಧಿ ಎಷ್ಟೆಂದು ನನಗೇ ಗೊತ್ತಿರುವುದರಿಂದ ಚಾಚಾನ ಓಣಿಗೆ ಕರೆದುಕೊಂಡು ಹೋದೆ. ಅವರು ಮೆಷಿನ್ನಿನಿಂದ ತಲೆಯೆತ್ತಲಿಲ್ಲ.

"ಬಣ್ಣ ಹೊರಗಡೆ ತಾನೇ? ಹೊಡೀಲಿ. ಒಳಗೆ ಕೈ ಹಾಕ್ತಾರಾ, ಅದು ಕೇಳು."